ಎಡಗಡೆಯ ಮೂರು ಸೊನ್ನೆ

4 ಜೂನ್

ಪುಟ್ಟಿ,

ನೀನು ಹಾಕಿದ ಷರತ್ತಿನಂತೆ ನನ್ನ ಫೋನನ್ನು ನಿನ್ನೆಯೇ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟುಬಂದೆ. ಮನೆಯಲ್ಲಿದ್ದರೆ ಕೈ ತಡೆಯುವುದಿಲ್ಲ, ನಿನಗೇ ಗೊತ್ತಿದೆಯಲ್ಲ. ಗಂಟೆಗೊಂದು ಸಲ ಫೋನು ಮಾಡುವುದು ತಪ್ಪೆಂದು ನನಗೂ ಅನ್ನಿಸಿತ್ತು, ಆದರೆ ಹಾಗೆ ಅನ್ನಿಸುವಷ್ಟರಲ್ಲಿ ಮುಂದಿನ ಗಂಟೆ ಆಗಿರುತ್ತಿತ್ತು. ಜೆರಾಕ್ಸಮ್ಮ ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದು, "ಇನ್ಮೇಲೆ ಇದು ನಂದು. ಮಗಳು ಹೆತ್ತ ಮೇಲೆ ಬಂದು ಕೇಳಿ" ಎಂದರು.

ಆ ಮಾತನ್ನು ಇಲ್ಲಿ ಬರೆಯಬಾರದಿತ್ತು. ಷರತ್ತಿನ ಎರಡನೆಯ ಭಾಗ ಅದೇ: ಪತ್ರದಲ್ಲಿ ಆ ವಿಷಯ ಕೂಡದು, ಪ್ರಶ್ನೆಯೂ ಕೂಡದು. ಹೊಡೆದುಹಾಕಿದರೆ ನೀನು ಬೆಳಕಿಗೆ ಹಿಡಿದು ಓದುತ್ತೀಯ, ಅದಕ್ಕೇ ಹಾಗೇ ಬಿಟ್ಟಿದ್ದೇನೆ. ಬೆಗ್ ಯುವರ್ ಪಾರ್ಡನ್.

ಪ್ರಶ್ನೆ ಇಲ್ಲದೆ ಪತ್ರ ಶುರುಮಾಡುವುದು ಎಷ್ಟು ಕಷ್ಟ ನೋಡು. "ನಾನು ಕ್ಷೇಮ, ನೀನು ಕ್ಷೇಮವೇ" ಎಂದು ಬರೆಯಹೋದೆ, ಎರಡನೆಯದು ಪ್ರಶ್ನೆಯಾಯಿತು. "ನೀನು ಕ್ಷೇಮ" ಎಂದು ತಿದ್ದಿದೆ, ಅದು ನನಗೆ ಗೊತ್ತಿಲ್ಲದ ಸಂಗತಿ. ಕೊನೆಗೆ ಉಳಿದದ್ದು "ನಾನು ಕ್ಷೇಮ". ಅದು ಸುಳ್ಳು.

ಇಲ್ಲಿಯ ಸುದ್ದಿ ಹೇಳುತ್ತೇನೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ. ಜೀವಮಾನವೆಲ್ಲ ಊರಿನವರ ನೀರಿನ ಮೀಟರು ಓದಿದವನು ನಾನು, ಈಗ ಬೆಳಿಗ್ಗೆ ಎದ್ದರೆ ನನ್ನ ಮೀಟರು ಓದಿ, ಸಂಜೆ ಮತ್ತೆ ಓದಿ, ಎಷ್ಟು ಪೋಲಾಯಿತು ಅಂತ ನೋಡುತ್ತೇನೆ. ವಾಷರು ಬದಲಾಯಿಸಿದರೆ ಮುಗಿಯಿತು. ಆದರೆ ನೋಡಲು ಏನಾದರೊಂದು ಬೇಕಲ್ಲ.

ನಿಮ್ಮಮ್ಮ ಇದ್ದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಮಾತಾಡಿ, ನನಗೆ ತಡೆಯುವಷ್ಟನ್ನು ಮಾತ್ರ ಸೋಸಿ ಹೇಳುತ್ತಿದ್ದಳು. ಉಳಿದದ್ದನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದಳೋ ಗೊತ್ತಿಲ್ಲ. ಈಗ ಸೋಸುವವರಿಲ್ಲ, ಎಲ್ಲ ಸೀದಾ ಒಳಗೆ ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಬಾರದೇ ಇರುವುದೇ ಹೆಚ್ಚು ಕಷ್ಟ. ನೋ ನ್ಯೂಸ್ ಈಸ್ ಅಂತ ಕಾಲೇಜಿನಲ್ಲಿ ಏನೋ ಕಲಿಸಿದ್ದರು. ಯಾವ ನ್ಯೂಸ್ ಎಂಬುದು ಮರೆತುಹೋಗಿದೆ.

ಇಂತು, ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಕೂತಿರುವ
ನಿನ್ನ ಅಪ್ಪ


10 ಜೂನ್

ಅಪ್ಪ,

ಬಲಗೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದಾರೆ, ಇದು ಎಡಗೈ ಅಕ್ಷರ. ಎರಡು ದಿನದಿಂದ ಸ್ವಲ್ಪ ಸ್ವಲ್ಪವೇ ಬರೀತಿದೀನಿ. ಓದೋಕೆ ಕಷ್ಟ ಆದ್ರೆ ಬೈಕೋಬೇಡಿ.

ಯಾಕೆ ಬರಬೇಡಿ ಅಂದೆ ಅಂತ ನಿಮಗೆ ಗೊತ್ತು. ಆದರೂ ಒಂದೇ ಒಂದು ಸಲ ಬರೆದುಬಿಡ್ತೀನಿ, ಆಮೇಲೆ ಈ ಮಾತು ಬೇಡ. ಎರಡು ಸಲ ನಮ್ಮ ಕೈತಪ್ಪಿ ಹೋಯ್ತು. ಎರಡನೇ ಸಲ ನೀವು ಬಾಗಿಲಲ್ಲಿ ನಿಂತಿದ್ರಿ. ಡಾಕ್ಟರ್ ಇನ್ನೂ ಕನ್ನಡಕ ತೆಗೀತಿದ್ರು, ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಮುಖ ನೋಡಿ ನನಗೆ ಗೊತ್ತಾಗಿಹೋಯ್ತು. ಈ ಸಲ ಅಂಥದ್ದೇನಾದ್ರೂ ಗೊತ್ತಾಗೋದಿದ್ರೆ ಡಾಕ್ಟರ್ ಬಾಯಿಂದ ಗೊತ್ತಾಗಲಿ. ಐದು ತಿಂಗಳಾಗಿದೆ, ಇನ್ನೂ ನಾಲ್ಕು ತಿಂಗಳು ನಾನು ಅಲುಗಾಡದೆ ಮಲಗಬೇಕು. ನೀವು ಎದುರಿಗೆ ಬಂದು ಕೂತ್ರೆ ನಿಮ್ಮ ಹುಬ್ಬು ನೋಡ್ತಾನೇ ನನ್ನ ಬಿ.ಪಿ. ಏರುತ್ತೆ. ಸಿಟ್ಟಲ್ಲ ಅಪ್ಪ ಇದು.

ನಿಮ್ಮ ಪತ್ರದಲ್ಲಿ ಒಂದೂ ಪ್ರಶ್ನೆ ಇಲ್ಲ, ನಿಜ. ಆದರೆ ಅಷ್ಟೂ ಪ್ರಶ್ನೆಯೇ. ಅದಕ್ಕೆ ಒಂದು ದಾರಿ ಯೋಚಿಸಿದೀನಿ. ಒಂಬತ್ತು ಪ್ರಶ್ನೆ ಬರೆದು ಕಳಿಸಿ. ಹತ್ತಲ್ಲ, ಒಂಬತ್ತು. ಹೌದು, ಇಲ್ಲ ಅಂತ ಉತ್ತರ ಬರೋ ಹಾಗಿರಬೇಕು. "ಹೇಗೆ", "ಎಷ್ಟು", "ಯಾಕೆ" ಕೂಡದು. ಹೌದು ಅಂದ್ರೆ 1, ಇಲ್ಲ ಅಂದ್ರೆ 0. ಆ ಒಂಬತ್ತನ್ನ ನಾನು ಮೂರು ಮೂರರ ಕಟ್ಟು ಮಾಡಿ, ಒಂದೊಂದು ಕಟ್ಟಿಗೆ ಒಂದೊಂದು ಅಂಕಿ ಬರೆದು (000 ಅಂದ್ರೆ 0, 110 ಅಂದ್ರೆ 6, 111 ಅಂದ್ರೆ 7), ಕಾರ್ಡಿನಲ್ಲಿ ಮೂರೇ ಅಂಕಿ ಕಳಿಸ್ತೀನಿ. ಪಾಲಿಟೆಕ್ನಿಕ್ಕಿನಲ್ಲಿ ವರ್ಷಾ ವರ್ಷ ಇದನ್ನೇ ಕಲಿಸಿ ಕಲಿಸಿ ಗಂಟಲು ಹರಿದುಕೊಂಡಿದೀನಿ. ಸೊನ್ನೆ-ಒಂದರ ಲೆಕ್ಕ ದ್ವಿಮಾನ, ಈ ಕಟ್ಟಿನ ಲೆಕ್ಕ ಅಷ್ಟಮಾನ. ಅದರಲ್ಲಿ 0ಯಿಂದ 7ರ ತನಕ ಮಾತ್ರ ಅಂಕಿ. ಮೂರಂಕಿ ಬರೆಯೋದಕ್ಕೆ ಎಡಗೈ ಸಾಕು. ಅಂಚೆಯವರು ಓದಲಿ, ಪಕ್ಕದ ಹಾಸಿಗೆಯವರು ಓದಲಿ, ಯಾರಿಗೂ ಏನೂ ತಿಳಿಯಲ್ಲ.

ಬಿಡಿಸೋದು ಹೀಗೆ. ಜೆರಾಕ್ಸಮ್ಮನ ಕಂಪ್ಯೂಟರಿನಲ್ಲಿ ಮನೆ ಮನೆಯಾಗಿ ಗೆರೆ ಎಳೆದಿರೋ ಲೆಕ್ಕದ ಹಾಳೆ ಇರುತ್ತೆ, ಎಕ್ಸೆಲ್. ಮೊದಲ ಮನೆಯ ಹೆಸರು A1. ಅದರಲ್ಲಿ ನನ್ನ ಮೂರಂಕಿ ಹೊಡೀರಿ. ಪಕ್ಕದ ಮನೆಯಲ್ಲಿ =OCT2BIN(A1) ಅಂತ ಹೊಡೆದು ಎಂಟರ್ ಒತ್ತಿ. ಸೊನ್ನೆ ಒಂದುಗಳು ಬಿಚ್ಚಿಕೊಳ್ತವೆ. ಎಡಗಡೆಯಿಂದ ಓದಿ, ಮೊದಲನೇದು ಮೊದಲನೇ ಪ್ರಶ್ನೆಗೆ ಉತ್ತರ. ಅಷ್ಟೇ. ಕೈಯಲ್ಲೂ ಬಿಡಿಸಬಹುದು, ಆದರೆ ನಿಮ್ಮನ್ನ ನಾನು ಬಲ್ಲೆ. ಇಪ್ಪತ್ತು ಸಲ ಮಾಡಿ ಇಪ್ಪತ್ತು ಉತ್ತರ ತರ್ತೀರಿ.

ಮಲಗೇ ಇರುವ
ಪುಟ್ಟಿ


14 ಜೂನ್

ಪುಟ್ಟಿ,

ಒಂಬತ್ತಕ್ಕೆ ಇಳಿಸುವಷ್ಟರಲ್ಲಿ ಸಾಕುಸಾಕಾಯಿತು. ಮೊದಲು ಬರೆದಾಗ ಎರಡು ಹಾಳೆ ತುಂಬಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತದೆಯೇ, ನರ್ಸುಗಳು ಗದರುತ್ತಾರೆಯೇ, ದಿಂಬು ಗಟ್ಟಿಯಿದೆಯೇ, ಹೀಗೆ. ದಿಂಬಿನ ಪ್ರಶ್ನೆ ತೆಗೆಯಲು ಮನಸ್ಸೇ ಬರಲಿಲ್ಲ. ಎಲ್ಲಿ ಹೋದರೂ ನೀನು ನಿನ್ನ ದಿಂಬಿಲ್ಲದೆ ಮಲಗಿದವಳಲ್ಲ, ಈ ಸಲ ಅದು ಇಲ್ಲೇ ಉಳಿದುಹೋಗಿದೆ. ಆದರೂ ತೆಗೆದೆ. ಜೆರಾಕ್ಸಮ್ಮ ನೋಡಿ, "ಅಲ್ಲಾ ಸ್ವಾಮಿ, ಇದು ಮಗಳಿಗೆ ಬರೆದದ್ದಾ, ಪೊಲೀಸ್ ವಿಚಾರಣೆಯಾ?" ಎಂದರು. ಕೊನೆಗೆ ಉಳಿದವು ಇವು. ಮನೆಗೊಂದು ಪ್ರತಿ, ಅಂಗಡಿಗೊಂದು ಪ್ರತಿ, ನಿನಗೊಂದು.

1. ರಕ್ತ ಹೋಗುತ್ತಿದೆಯೇ?
2. ನೋವಿದೆಯೇ?
3. ಡಾಕ್ಟರು ಹೆದರಿಸುವಂಥದ್ದು ಏನಾದರೂ ಹೇಳಿದರೇ?
4. ಹೊಟ್ಟೆಯೊಳಗೆ ಒದೆತ ಇದೆಯೇ?
5. ಊಟ ಸೇರುತ್ತಿದೆಯೇ?
6. ನಿದ್ದೆ ಬರುತ್ತಿದೆಯೇ?
7. ಅಳಿಯಂದಿರು ಜೊತೆಯಲ್ಲಿದ್ದಾರೆಯೇ? (ಸರ್ವೆ ಕೆಲಸ, ಸರಪಳಿ ಹಿಡಿದು ಎಲ್ಲೆಲ್ಲೋ ಅಳೆಯುತ್ತ ಹೋಗಿಬಿಡುತ್ತಾರೆ, ಅದಕ್ಕೆ ಕೇಳಿದೆ. ಬೇರೆ ಅರ್ಥ ಇಲ್ಲ.)
8. ಅಳು ಬಂತೇ?
9. ನಾನು ಬರಲೇ?

ಒಂಬತ್ತನೆಯದನ್ನು ಹಾಕಬಾರದೆಂದೇ ಕೂತಿದ್ದೆ. ಲಾಸ್ಟ್ ಬಟ್ ನಾಟ್ ಲೀಸ್ಟ್. ನೀನು ಸೊನ್ನೆ ಹಾಕುತ್ತೀಯ ಎಂದು ಗೊತ್ತು. ಪ್ರತಿ ಸಲವೂ ಹಾಕು. ಕೇಳಿದ್ದೇನೆ ಅಂತ ಇರಲಿ.

ನಿನ್ನ ಅಷ್ಟಮಾನದ ಇಂಗ್ಲಿಷ್ ಹೆಸರು ಆಕ್ಟಲ್ ಅಂತೆ, ಆ ಮಾತಿನ ಬಗ್ಗೆ ಯೋಚಿಸುತ್ತಿದ್ದೆ. ಆಕ್ಟ್ ಎಂದರೆ ಎಂಟು, ಆದರೆ ಆಕ್ಟೋಬರ್ ಹತ್ತನೆಯ ತಿಂಗಳು. ನಮ್ಮ ಇಂಗ್ಲಿಷ್ ಲೆಕ್ಚರರು ಇದಕ್ಕೇನೋ ಕಾರಣ ಹೇಳಿದ್ದರು, ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ಕಾಂಟೆಕ್ಸ್ಟ್ ಅಂತ ಬೋರ್ಡಿನ ಮೇಲೆ ಬರೆದದ್ದಷ್ಟೇ ನೆನಪಿದೆ. ಕಾಂಟೆಕ್ಸ್ಟ್ ಹೋಯಿತು.

ಇಂತು, ಅಂಚೆಯ ಡಬ್ಬಿಯ ಮೇಲೆ ಕಣ್ಣಿಟ್ಟಿರುವ
ಅಪ್ಪ


20 ಜೂನ್

ಅಪ್ಪ,
646
ಪುಟ್ಟಿ


25 ಜೂನ್

ಪುಟ್ಟಿ,

ನಿನ್ನ ಕಾರ್ಡು ಬಂತು. ಓಡಿದೆ. ಜೆರಾಕ್ಸಮ್ಮ ಯಾರದೋ ಮದುವೆಯ ಕಾಗದ ಅಚ್ಚು ಹಾಕುತ್ತಿದ್ದವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ನೀನು ಹೇಳಿದ ಹಾಗೇ ಹೊಡೆದೆ. ಯಂತ್ರ ನನ್ನ ಮೇಲೆ ರೇಗಿತು. ಕಿಟಕಿಯ ಜಾಲರಿಯಂಥ ಒಂದು ಗುರುತು, ನಮ್ ಎಂಬ ಇಂಗ್ಲಿಷ್ ಮಾತು, ಅದರ ಹಿಂದೊಂದು ಆಶ್ಚರ್ಯಸೂಚಕ. ನಮ್ ಎಂದರೆ ಮರಗಟ್ಟಿದ್ದು, ಸ್ಪರ್ಶ ತಿಳಿಯದ್ದು ಅಂತ ಕಾಲೇಜಿನಲ್ಲಿ ಓದಿದ ನೆನಪು. ಏನು ಮರಗಟ್ಟಿತು, ಯಾರಿಗೆ?

ಜೆರಾಕ್ಸಮ್ಮ ಕಾರ್ಡು ಕಸಿದುಕೊಂಡು ನೋಡಿ, "ಇದು ಎಂಟಲ್ಲ ಕಣ್ರೀ, ಆರು. ಪಾಪ ಎಡಗೈಯಲ್ಲಿ ಬರೆದಿದಾಳೆ, ಮೇಲಿನ ಕೊಕ್ಕೆ ಸ್ವಲ್ಪ ಮುಚ್ಚಿಕೊಂಡಿದೆ" ಎಂದರು. ಎಂಟು ಎಂಬ ಅಂಕಿಯೇ ಆ ಲೆಕ್ಕದಲ್ಲಿ ಇಲ್ಲವಂತೆ, ನಮ್ ಎಂದರೆ ನಂಬರು ತಪ್ಪು ಅಂತ ರೇಗಿದ್ದು. ಸರಿಮಾಡಿ ಹೊಡೆದೆ. 110100110.

ಒಂದೊಂದಾಗಿ ಓದಿದೆ. ರಕ್ತ ಇದೆ. ನೋವಿದೆ. ಡಾಕ್ಟರು ಹೆದರಿಸಿಲ್ಲ. ಒದೆತ ಇದೆ. ಅಲ್ಲಿಗೆ ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತುಬಂದೆ. ಉಳಿದದ್ದನ್ನು ಬಂದು ಓದಿದೆ. ಊಟ ಇಲ್ಲ, ನಿದ್ದೆ ಇಲ್ಲ, ಅಳಿಯಂದಿರು ಇದ್ದಾರೆ, ಅಳು ಬಂತು, ನಾನು ಬರಬಾರದು.

ಷರತ್ತಿನ ಪ್ರಕಾರ ನಾನು ಏನೂ ಹೇಳುವ ಹಾಗಿಲ್ಲ. ಹೇಳಿಲ್ಲ. ಐ ಬೆಗ್ ಟು ಅಕ್ನಾಲೆಜ್, ಅಷ್ಟೇ.

ಇಂತು, ತಲುಪಿತೆಂದು ತಿಳಿಸುವ
ಅಪ್ಪ


9 ಜುಲೈ

ಅಪ್ಪ,
464
ನಲ್ಲಿ ರಿಪೇರಿ ಮಾಡಿಸಿ.
ಪುಟ್ಟಿ


14 ಜುಲೈ

ಪುಟ್ಟಿ,

100110100. ನೋವು ಹೋಗಿದೆ! ಊಟ ಸೇರಿದೆ! ಅಳು ಬಂದಿಲ್ಲ! ಜೆರಾಕ್ಸಮ್ಮ ನನಗೆ ಟೀ ತರಿಸಿಕೊಟ್ಟರು, ಲೆಕ್ಕ ಬರೆದುಕೊಳ್ಳಲಿಲ್ಲ.

ಆದರೆ ಎಡತುದಿಯ ಆ ಒಂದು ಹಾಗೇ ಇದೆ. ನಾನು ನೋಡುವುದು ಅದೊಂದನ್ನೇ. ಸಂಜೆ ಅಂಗಡಿ ಮುಚ್ಚುವ ತನಕ ಆ ಪರದೆಯ ಮುಂದೆ ಕೂತಿರುತ್ತೇನೆ, ನೋಡುತ್ತಾ ಇದ್ದರೆ ಅದು ಸೊನ್ನೆ ಆಗುತ್ತದೇನೋ ಎಂಬ ಹಾಗೆ. "ದಿಟ್ಟಿಸಬೇಡಿ, ಪರದೆ ತೂತಾಗುತ್ತೆ" ಎನ್ನುತ್ತಾರೆ ಜೆರಾಕ್ಸಮ್ಮ.

ನಲ್ಲಿಗೆ ವಾಷರು ತಂದಿದ್ದೇನೆ. ಹಾಕಿಲ್ಲ.

ಇಂತು,
ಅಪ್ಪ


30 ಜುಲೈ

ಅಪ್ಪ,
074
ಪುಟ್ಟಿ


5 ಆಗಸ್ಟ್

ಪುಟ್ಟಿ,

ಈ ಪತ್ರ ಕಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಕಳಿಸಿದರೆ ನೀನು ಓದಿ ಮುಗಿಸುವ ತನಕ ಎದ್ದು ಕೂರಬೇಡ.

ನಿನ್ನ ಕಾರ್ಡು ಶನಿವಾರ ಬಂತು. ಹೊಡೆದೆ. ಒಂಬತ್ತು ಬರಲಿಲ್ಲ, ಆರೇ ಬಂದವು. 111100. ಎಡಗಡೆಯಿಂದ ಓದಿ ಎಂದು ನೀನು ಬರೆದಿದ್ದೆ, ಹಾಗೇ ಓದಿದೆ. ರಕ್ತ ಹೌದು. ನೋವು ಹೌದು. ಡಾಕ್ಟರು ಹೆದರಿಸಿದ್ದು ಹೌದು. ಇಷ್ಟು ದಿನ ಆ ಮೂರನೆಯದು ಯಾವತ್ತೂ ಒಂದು ಆಗಿರಲಿಲ್ಲ. ಒದೆತ ಇದೆ. ಊಟ ಇಲ್ಲ. ನಿದ್ದೆ ಇಲ್ಲ. ಆಮೇಲೆ ಏನೂ ಇಲ್ಲ. ಏಳು, ಎಂಟು, ಒಂಬತ್ತಕ್ಕೆ ಉತ್ತರವೇ ಇಲ್ಲ. ಅರ್ಧಕ್ಕೆ ಕೈ ಸೋತು ಬಿಟ್ಟಿದ್ದೀಯ ಎಂದುಕೊಂಡೆ. ಬರೆಯುತ್ತಿದ್ದಾಗಲೇ ಏನೋ ಆಗಿ, ಯಾರೋ ಕಾರ್ಡು ತೆಗೆದುಕೊಂಡು ಡಬ್ಬಿಗೆ ಹಾಕಿದ್ದಾರೆ ಎಂದುಕೊಂಡೆ.

ಜೆರಾಕ್ಸಮ್ಮ ತಾವೇ ಡ್ರಾಯರಿನ ಬೀಗ ತೆಗೆದು ಫೋನು ನನ್ನ ಮುಂದಿಟ್ಟರು. ಅಳಿಯಂದಿರಿಗೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಫೋನನ್ನು ಅವರ ಕೈಗೇ ವಾಪಸು ಕೊಟ್ಟು, ಮೇಲೆ ಹೋಗಿ ಕೊಡೆ ತೆಗೆದುಕೊಂಡೆ, ನಿನ್ನ ದಿಂಬನ್ನು ಚೀಲಕ್ಕೆ ತುರುಕಿದೆ. ಮಾರನೆಯ ಬೆಳಿಗ್ಗೆಯ ಮೊದಲ ಬಸ್ಸು.

ಹೌದು, ಬಂದಿದ್ದೆ. ಷರತ್ತು ಮುರಿದೆ. ಪೂರ್ತಿ ಮುರಿಯಲಿಲ್ಲ, ಅದನ್ನೂ ಕೇಳು.

ನಿನ್ನ ವಾರ್ಡಿನ ಬಾಗಿಲಿಗೆ ಮೇಲರ್ಧ ಗಾಜಿದೆಯಲ್ಲ, ಅಲ್ಲಿ ನಿಂತೆ. ಒಳಗೆ ನೋಡೋಣ ಎಂದು ಬಗ್ಗಿದರೆ ಮೊದಲು ಕಂಡದ್ದು ನನ್ನ ಮುಖ. ಗಾಜಿನಲ್ಲಿ. ಪುಟ್ಟಿ, ನೀನು ಬರೆದದ್ದನ್ನು ಓದಿದಾಗ ನನಗೆ ಒಳಗೊಳಗೇ ಸ್ವಲ್ಪ ನೋವಾಗಿತ್ತು, ಮುಖವೇನು ನಾನು ಮಾಡಿಕೊಂಡದ್ದೇ ಎಂದು. ಅವತ್ತು ನೋಡಿದೆ. ಆ ಮುಖವನ್ನು ಬಾಗಿಲಲ್ಲಿ ಕಂಡರೆ ನಾನಾದರೂ ಆಸೆ ಬಿಡುತ್ತಿದ್ದೆ.

ಅದರ ಹಿಂದೆ ನೀನು ಕಂಡೆ. ಒರಗಿ ಕೂತು ತಟ್ಟೆಯಿಂದ ಊಟ ಮಾಡುತ್ತಿದ್ದೆ. ಎರಡು ಕೈಯಲ್ಲೂ ಸೂಜಿ ಇರಲಿಲ್ಲ. ಅಳಿಯಂದಿರು ಮಂಚದ ತುದಿಯಲ್ಲಿ ಕೂತು ನಿನ್ನ ಕಾಲಿನ ಉಗುರು ಕತ್ತರಿಸುತ್ತಿದ್ದರು, ಜಮೀನಿನ ಗಡಿ ಗುರುತಿಸುವಷ್ಟೇ ಜಾಗ್ರತೆಯಿಂದ. ನೀನು ಏನೋ ಅಂದೆ. ಅವರು ತಲೆ ಎತ್ತಲಿಲ್ಲ, ಆದರೆ ಪಕ್ಕದ ಹಾಸಿಗೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಇದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಊಟ ಇಲ್ಲ ಎಂದವಳು ಊಟ ಮಾಡುತ್ತಿದ್ದೀಯ. ಒಬ್ಬ ನರ್ಸು ಬಂದು, "ಯಾರು ಬೇಕಿತ್ತು ತಾತ?" ಎಂದಳು. ಒಳಗೆ ಬರಲು ಒಂದು ಹೆಜ್ಜೆ ಸಾಕಿತ್ತು. "ಯಾರೂ ಇಲ್ಲಮ್ಮ, ವಾರ್ಡ್ ತಪ್ಪಿತು" ಎಂದು ಹೇಳಿ ಮುಂದಿನ ಬಸ್ಸಿಗೇ ವಾಪಸು ಬಂದೆ, ದಿಂಬಿನ ಸಮೇತ.

ಬಸ್ಸಿನಲ್ಲಿ ಎರಡು ಥರ ಯೋಚನೆ ಬಂತು. ಒಂದು, ಕಾರ್ಡು ಬರೆದ ಮೇಲೆ ಎಲ್ಲ ಸರಿಹೋಗಿದೆ. ಇನ್ನೊಂದು, ಎಲ್ಲ ಗೊತ್ತಿದ್ದೂ ನೀನು ಅವರನ್ನೆಲ್ಲ ನಗಿಸುತ್ತಿದ್ದೀಯ, ನಿಮ್ಮಮ್ಮನ ಹಾಗೆ. ಕೊನೆಯ ವಾರ ಅವಳೂ ಹಾಗೇ ನಗಿಸುತ್ತಿದ್ದಳು. ಎರಡರಲ್ಲಿ ಯಾವುದು ಎಂದು ಕೇಳುತ್ತಿಲ್ಲ. ಪ್ರಶ್ನೆ ಕೂಡದು. ಬರಿದೇ ಬರೆದಿದ್ದೇನೆ.

ಇಂತು, ಬಂದೂ ಬಾರದ
ಅಪ್ಪ


10 ಆಗಸ್ಟ್

ಅಪ್ಪ, ಅಪ್ಪ, ಅಪ್ಪ,

ಬಲಗೈಯಲ್ಲಿ ಬರೀತಿದೀನಿ, ಅಕ್ಷರ ನೋಡಿ. ಮೊದಲು ಇದನ್ನ ಓದಿ, ಆಮೇಲೆ ಉಳಿದದ್ದು: ನಾನು ಚೆನ್ನಾಗಿದೀನಿ. ಅವತ್ತೂ ಚೆನ್ನಾಗಿದ್ದೆ. 074 ಇಷ್ಟು ದಿನದಲ್ಲಿ ನಾನು ಕಳಿಸಿದ ಎಲ್ಲಕ್ಕಿಂತ ಒಳ್ಳೆ ಸುದ್ದಿ.

ತಪ್ಪು ನಿಮ್ಮದಲ್ಲ, ನನ್ನದು. ಆ ಹಾಳೆಗೆ ಎಡಗಡೆಯ ಸೊನ್ನೆ ಅಂದ್ರೆ ಕಸ. 074 ಅಂತ ಹೊಡೆದ್ರೆ 74 ಅಂತಲೇ ತಿಳ್ಕೊಳ್ಳುತ್ತೆ. ಬಿಚ್ಚಿದ ಮೇಲೂ ಮುಂದಿನ ಸೊನ್ನೆಗಳನ್ನ ಬರೆಯಲ್ಲ, ಗುಡಿಸಿ ಆಚೆ ಹಾಕಿಬಿಡುತ್ತೆ. ನನಗೆ ಒಂಬತ್ತು ಜಾಗ ಬೇಕು ಅಂತ ನಾವೇ ಬಾಯಿ ಬಿಟ್ಟು ಹೇಳಬೇಕು: =OCT2BIN(A1,9). ಈಗ ಹೊಡೆದು ನೋಡಿ, 000111100 ಬರುತ್ತೆ. ಇದನ್ನ ಪಾಠದಲ್ಲಿ ಪ್ರತಿ ವರ್ಷ ಒತ್ತಿ ಒತ್ತಿ ಹೇಳ್ತೀನಿ, ನಿಮಗೆ ಹೇಳೋದು ಮರೆತೆ. ಮೊದಲ ಎರಡು ಸಲ ರಕ್ತ ಇತ್ತಲ್ಲ, ಎಡತುದಿಯ ಆ 1 ಉಳಿದದ್ದನ್ನೆಲ್ಲ ಅದರದರ ಜಾಗದಲ್ಲಿ ಹಿಡಿದಿಟ್ಟುಕೊಂಡಿತ್ತು. ರಕ್ತ ನಿಂತಿದ್ದೇ ತಡ, ಎಲ್ಲ ಜಾರಿ ಎಡಕ್ಕೆ ಬಂದು ಕೂತ್ವು. ನನ್ನ ಒದೆತ, ಊಟ, ನಿದ್ದೆಯನ್ನ ನೀವು ರಕ್ತ, ನೋವು, ಹೆದರಿಕೆ ಅಂತ ಓದಿಕೊಂಡಿದೀರಿ.

ಅಪ್ಪ, ಆ ಮೂರು ಸೊನ್ನೆಗೋಸ್ಕರ ನಾನು ಒಂದೇ ಮಗ್ಗುಲಲ್ಲಿ ಮಲಗಿ ಗೋಡೆ ನೋಡ್ತಾ ಬಿದ್ದಿದೀನಿ. ರಕ್ತ ಇಲ್ಲ, ನೋವಿಲ್ಲ, ಹೆದರಿಕೆ ಇಲ್ಲ. ಕಾರ್ಡಿನಲ್ಲಿ ಆ 0 ಬರೆದು ಅದರ ಮೇಲೇ ಇನ್ನೊಂದು ಸಲ ತೀಡಿದೆ, ಖುಷಿಗೆ. ಅದನ್ನೇ ಬಿಸಾಕಿಬಿಡ್ತಲ್ಲ ಆ ದರಿದ್ರ ಹಾಳೆ.

ಇವರ ಫೋನ್ ಆಫ್ ಆಗಿದ್ದು ನಾನು ಹೇಳಿದ್ದಕ್ಕೇ. ಮಧ್ಯಾಹ್ನದ ಮೇಲೆ ನಾನು ಮಲಗ್ತೀನಿ, ಗದ್ದಲ ಬೇಡ ಅಂದಿದ್ದೆ.

ನೀವು ಬಂದಿದ್ದು ನನಗೆ ಅವತ್ತೇ ಅನುಮಾನ ಬಂದಿತ್ತು. ನರ್ಸ್ ಬಂದು, "ಒಬ್ರು ತಾತ, ಒಂದು ಕೈಯಲ್ಲಿ ಕೊಡೆ, ಚೀಲದಿಂದ ದಿಂಬು ಇಣುಕ್ತಾ ಇದೆ, ವಾರ್ಡ್ ತಪ್ಪಿತಂತೆ" ಅಂದಳು. ದಿಂಬು ಹೊತ್ಕೊಂಡು ಆಸ್ಪತ್ರೆ ಆಸ್ಪತ್ರೆ ತಿರುಗೋ ತಾತ ಎಷ್ಟು ಜನ ಇರ್ತಾರೆ? ಇವರು ಎದ್ದು ಹೋಗಿ ನೋಡೋಷ್ಟರಲ್ಲಿ ಯಾರೂ ಇರಲಿಲ್ಲ.

ಒಂದು ಹೆಜ್ಜೆ ಇಡದೆ ವಾಪಸು ಹೋದ್ರಲ್ಲ. ಒಂಬತ್ತನೇದು ಇನ್ನೂ ಸೊನ್ನೆಯೇ ಅಪ್ಪ. ಏಳನೇ ತಿಂಗಳು ಮುಗೀತಿದೆ, ಈಗಲೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ. ಇದನ್ನ ನೀವು ಕೇಳಿರಲಿಲ್ಲ, ನಾನೇ ಹೇಳ್ತಿದೀನಿ.

ಪುಟ್ಟಿ


16 ಆಗಸ್ಟ್

ಪುಟ್ಟಿ,

ಹೊಡೆದೆ. ಒಂಬತ್ತು ಬಂತು. ಮೂರು ಸೊನ್ನೆ ಮುಂದೆ ಸಾಲಾಗಿ ನಿಂತಿವೆ, ಕಣ್ತುಂಬ ನೋಡಿದೆ.

ನನಗೇ ನಾಚಿಕೆಯಾಗಬೇಕು. ಮೀಟರಿನಲ್ಲಿ ಎಡಗಡೆಯ ಸೊನ್ನೆ ಯಾವತ್ತೂ ಮಾಯವಾಗುವುದಿಲ್ಲ. ಹೊಸ ಮನೆಗೆ ಹೊಸ ಮೀಟರು ಕೂರಿಸಿದ ದಿನ ಅಷ್ಟೂ ಸೊನ್ನೆ ಸಾಲಾಗಿ ಕೂತಿರುತ್ತವೆ. ಅಷ್ಟನ್ನೂ ಬರೆದುಕೊಂಡೇ ಬರಬೇಕು, ಬಿಟ್ಟರೆ ಆಫೀಸಿನಲ್ಲಿ ಬೈಗುಳ. ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ, ಏನೂ ಆಗಿಲ್ಲ ಎಂಬುದನ್ನೂ ಬರೆಯಬೇಕಪ್ಪ ಎಂದು.

ಹೊಸದೊಂದು ಅಭ್ಯಾಸ ಶುರುಮಾಡಿದ್ದೇನೆ. ಕನ್ನಡಿಯ ಮುಂದೆ ನಿಂತು ಮುಖವನ್ನು ಸರಿಮಾಡಿಕೊಳ್ಳುವುದು. ಹುಬ್ಬು ಬಿಡಿಸಿ, ತುಟಿಯ ಕೊನೆಗಳನ್ನು ಮೇಲಕ್ಕೆತ್ತಿ, ಪ್ಲೆಸೆಂಟ್ ಪರ್ಸನಾಲಿಟಿ ಎನ್ನುತ್ತಾರಲ್ಲ ಹಾಗೆ. ಅಂಗಡಿಯಲ್ಲಿ ತೋರಿಸಿದೆ. ಜೆರಾಕ್ಸಮ್ಮ ದೀಪ ಹಾಕಿ ನೋಡಿ, "ಇದು ನಗುವಾ, ಹಲ್ಲುನೋವಾ?" ಎಂದರು. ಇನ್ನೂ ಅಭ್ಯಾಸ ಬೇಕು.

ಭಯ ಎಂದು ಬರೆದಿದ್ದೀಯ. ಇಲ್ಲಿ ಬೇಕಾದಷ್ಟಿದೆ, ನಿನ್ನ ಪಾಲಿನ ಭಯವನ್ನೂ ನಾನೇ ಪಡುತ್ತೇನೆ, ನೀನು ಊಟ ಮಾಡು.

ನಲ್ಲಿಗೆ ವಾಷರು ಹಾಕಿದೆ. ಈಗ ಮನೆಯಲ್ಲಿ ಸದ್ದೇ ಇಲ್ಲ.

ಇಂತು, ಒಂಬತ್ತು ಜಾಗವನ್ನೂ ಕಾಯ್ದಿರಿಸಿರುವ
ಅಪ್ಪ


3 ಸೆಪ್ಟೆಂಬರ್

ಸ್ವಾಮಿಯವರಿಗೆ,

ನೀವು ಬಾಗಿಲು ತೆಗೀಲಿಲ್ಲ, ತರಕಾರಿಗೆ ಹೋಗಿರಬೇಕು, ಅದಕ್ಕೆ ಈ ಚೀಟಿ ಕೆಳಗಿಂದ ತೂರಿಸಿದೀನಿ. ನಿಮ್ಮ ಫೋನಿಗೆ ಅಳಿಯನಿಂದ ಮೆಸೇಜ್ ಬಂತು. ಒಂದೇ ನಂಬರು. 607. ನಾನೇ ವಾಪಸು ಮಾಡಿದೆ, ಎತ್ತಲಿಲ್ಲ. ಕೆಳಗೆ ಬನ್ನಿ, ಕಂಪ್ಯೂಟರ್ ಹಾಕಿಟ್ಟಿದೀನಿ.

ಜೆರಾಕ್ಸ್ ಅಂಗಡಿ


4 ಸೆಪ್ಟೆಂಬರ್
ಆಸ್ಪತ್ರೆಯ ಹೊರಗಿನ ಬೆಂಚು

ಪುಟ್ಟಿ,

ಈ ಕಾಗದವನ್ನು ನರ್ಸಮ್ಮನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಅದೇ ನರ್ಸು. "ಮತ್ತೆ ವಾರ್ಡ್ ತಪ್ಪಿತಾ ತಾತ?" ಎಂದು ಕೇಳಿದಳು.

ಕಂಪ್ಯೂಟರಿನ ತನಕ ಹೋಗಲಿಲ್ಲ. ಆರು ಎಂದರೆ ಏನು, ಸೊನ್ನೆ ಎಂದರೆ ಏನು, ಏಳು ಎಂದರೆ ಏನು, ಇಷ್ಟು ಹೊತ್ತಿಗೆ ಬೆರಳ ತುದಿಯಲ್ಲಿದೆ. ಚೀಟಿ ನೆಲದಿಂದ ಎತ್ತುತ್ತಿದ್ದ ಹಾಗೇ ಓದಿಕೊಂಡೆ. ರಕ್ತ ಇದೆ. ನೋವಿದೆ. ಡಾಕ್ಟರು ಹೆದರಿಸಿಲ್ಲ. ಒದೆತ ಇಲ್ಲ. ಊಟ ಇಲ್ಲ. ನಿದ್ದೆ ಇಲ್ಲ. ಅಳಿಯಂದಿರು ಇದ್ದಾರೆ. ಅಳು ಬಂತು. ನಾನು ಬರಬೇಕು.

ನಾಲ್ಕನೆಯ ಜಾಗದಲ್ಲಿ ಸೊನ್ನೆ. ಇಷ್ಟು ದಿನ ಏನೇ ಬದಲಾದರೂ ಆ ಜಾಗದ ಒಂದು ಅಲುಗಿರಲಿಲ್ಲ.

ದಾರಿಯುದ್ದಕ್ಕೂ ನಾನು ಹಿಡಿದುಕೊಂಡು ಬಂದದ್ದು ಮೂರನೆಯ ಜಾಗವನ್ನು. ಡಾಕ್ಟರು ಹೆದರಿಸಿಲ್ಲವಲ್ಲ. ಅಂಥದ್ದೇನಾದರೂ ಆಗಿದ್ದರೆ ಅಲ್ಲಿ ಒಂದು ಇರಬೇಕಿತ್ತಲ್ಲ. ಆಮೇಲೆ ಅನ್ನಿಸಿತು, ಎಲ್ಲ ಮುಗಿದುಹೋದ ಮೇಲೆ ಡಾಕ್ಟರು ಯಾರನ್ನೂ ಹೆದರಿಸುವುದಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ. ಒಂಬತ್ತನೆಯದು ಒಂದು ಆಗಲಿ ಎಂದು ಮೂರು ತಿಂಗಳಿಂದ ಕಾದವನು ನಾನು. ಆಯಿತು. ಯಾವುದಕ್ಕೆ ಕರೆದಿದ್ದೀಯೋ ಎಂದು ಅದನ್ನು ನೋಡಲೂ ಭಯವಾಗುತ್ತಿದೆ.

ಇಲ್ಲಿ ಬೆಂಚಿನ ಮೇಲೆ ಕನ್ನಡಿ ಇಲ್ಲ. ಅಭ್ಯಾಸ ಮಾಡಿದ್ದೆಲ್ಲ ಬಸ್ಸಿನಲ್ಲೇ ಕಳಚಿ ಬಿತ್ತು. ಕೈಯಿಂದ ಸವರಿಕೊಂಡರೆ ಹಳೆಯ ಮುಖವೇ ಸಿಗುತ್ತಿದೆ.

ಷರತ್ತು ಈಗಲೂ ನೆನಪಿದೆ, ಆ ವಿಷಯ ಕೇಳುವುದಿಲ್ಲ. ಒಳಗೆ ಬರುವ ಮೊದಲು ನನ್ನ ಮುಖವನ್ನು ಯಾವ ಥರ ಇಟ್ಟುಕೊಳ್ಳಲಿ, ಅಷ್ಟು ಮಾತ್ರ ಇದರ ಹಿಂದೆ ಬರೆದು ಕಳಿಸು. ಎಷ್ಟು ಹೊತ್ತಾದರೂ ಕಾಯುತ್ತೇನೆ.

ಅಪ್ಪ


(ಅದೇ ಹಾಳೆಯ ಹಿಂಭಾಗ)

ಅಪ್ಪ,

ನಾಲ್ಕನೇ ಪ್ರಶ್ನೆ "ಹೊಟ್ಟೆಯೊಳಗೆ" ಅಂತ ನೀವೇ ಬರೆದಿದ್ದು. ನನಗೆ ಅರೆ ಎಚ್ಚರ, ಅಪ್ಪನಿಗೆ ತಿಳಿಸಿ ಅಂತ ಇವರಿಗೆ ಹೇಳಿದೆ. ಇವರು ನಿಮ್ಮ ಹಾಳೆ ಹಿಡ್ಕೊಂಡು, ಸರ್ವೆಯವರಲ್ವಾ, ಒಂದು ಕೂದಲೆಳೆ ಆಚೀಚೆ ಆಗದ ಹಾಗೆ ಒಂಬತ್ತಕ್ಕೂ ಉತ್ತರ ಗುರುತು ಮಾಡಿ ಕಳಿಸಿ, ಫೋನನ್ನ ಮೇಜಿನ ಮೇಲೆ ಬಿಟ್ಟು ಮಗು ನೋಡೋಕೆ ಓಡಿದಾರೆ. ಈಗಷ್ಟೇ ಬೈದೆ.

ಒಳಗೆ ಒದೆತ ಇಲ್ಲ. ಹೊರಗೆ, ಗಾಜಿನ ಪೆಟ್ಟಿಗೆಯಲ್ಲಿ, ನಿನ್ನೆಯಿಂದ ಒದೀತಾನೇ ಇದಾಳೆ. ತುಂಬಾ ಚಿಕ್ಕೋಳು ಅಪ್ಪ, ನಿಮ್ಮ ಅಂಗೈಯಷ್ಟು ಬೆನ್ನು. ಇನ್ನೂ ಕೆಲವು ದಿನ ಕಾದು ನೋಡಬೇಕು ಅಂದಿದಾರೆ ಡಾಕ್ಟರ್. ಹೆದರಿಸಿಲ್ಲ, ನಿಜವಾಗಿಯೂ ಹೆದರಿಸಿಲ್ಲ. ಭಯ ಪಡೋಕೆ ಒಬ್ಬಳಿಂದ ಆಗ್ತಿಲ್ಲ, ಅದಕ್ಕೇ ಒಂಬತ್ತನೇದಕ್ಕೆ ಒಂದು ಹಾಕಿ ಅಂದೆ.

ಮುಖ ಹೇಗಿದೆಯೋ ಹಾಗೇ ತನ್ನಿ. ದಿಂಬೂ ತನ್ನಿ.

ಬಾಗಿಲಿಂದ ಎಡಗಡೆ ಮೂರನೇ ಹಾಸಿಗೆ. ಈ ಸಲ ವಾರ್ಡ್ ತಪ್ಪಬೇಡಿ.

ಪುಟ್ಟಿ